ಆಗುಂಬೆ ಘಾಟಿಯನ್ನು ಓಡುತ್ತಾ ಹತ್ತಿದ್ದು

ಸೋಮೇಶ್ವರ ದಾಟುತ್ತಿದ್ದಂತೆ ರಸ್ತೆ ಕಾಡಿಗೆ ಹೊಕ್ಕು ಏರತೊಡಗುತ್ತದೆ. ಮಲ್ಪೆ–ತೀರ್ಥಹಳ್ಳಿ ರಾಷ್ಟ್ರೀಯ ಹೆದ್ದಾರಿ 169ಎಯ ಈ ಭಾಗದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮೇಲೆ ಆಗುಂಬೆ, ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿ. ಡಿಸೆಂಬರಿನ ಒಂದು ಬೆಳಿಗ್ಗೆ, ಬೆಳಕು ಚೆನ್ನಾಗಿ ಹರಿದ ಮೇಲೆಯೇ ಓಟ ಶುರುಮಾಡಿದೆ. ಗೊತ್ತಿಲ್ಲದ ಘಾಟಿಯಲ್ಲಿ ಮಬ್ಬಿಗೇ ಹೊರಟು ಚಾಲಕರ ಎದೆ ನಡುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಫುಟ್‌ಪಾತ್ ಇಲ್ಲದ ಕಡೆ ವಾಹನಗಳಿಗೆ ಎದುರಾಗಿ, ಬಲಬದಿಯಲ್ಲಿ ಓಡಬೇಕು ಎನ್ನುವುದು ಓಟಗಾರರ ಮೊದಲ ನಿಯಮ. ಏರುದಾರಿಯಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಸಿಕ್ಕಿತು. ಹತ್ತುವ ವಾಹನ ಕೆಳಗಿನ ಗೇರಿನಲ್ಲಿ ಏದುಸಿರು ಬಿಡುತ್ತಾ ಬರುವುದರಿಂದ ಬೆನ್ನ ಹಿಂದಿದ್ದರೂ ಕಿವಿಗೆ ಬೀಳುತ್ತದೆ. ಇಳಿಯುವ ಕಾರಿನ ಸದ್ದು ಹತ್ತಿರ ಬರುವ ತನಕ ಕೇಳಿಸುವುದಿಲ್ಲ. ಅದನ್ನು ಕಣ್ಣಿನಿಂದಲೇ ಹಿಡಿಯಬೇಕು.

ಆದರೆ ರಸ್ತೆ ಬಲಕ್ಕೆ ಹೊರಳುವಲ್ಲಿ ಈ ನಿಯಮ ಕೈಕೊಡುತ್ತದೆ. ಬಲಬದಿಯೇ ತಿರುವಿನ ಒಳಮಗ್ಗುಲಾಗಿ, ಗುಡ್ಡದ ಅಂಚು ನಮ್ಮನ್ನು ಮರೆಮಾಡುತ್ತದೆ. ಅಂಥ ಒಂದು ಕಡೆ ಮೊದಲೇ ಎಡಕ್ಕೆ ದಾಟಿ, ತಡೆಗೋಡೆಗೆ ಒತ್ತಿ ನಿಂತು, ಮಿನಿ ಬಸ್ಸೊಂದು ಇಳಿಯುವುದನ್ನು ನೋಡಿದೆ. ಮುಂದಿನ ಚಕ್ರ ಅಗಲವಾಗಿ ತಿರುಗಿತು. ಹಿಂದಿನದು ಒಳ ಅಂಚನ್ನು ಸವರುತ್ತಾ, ಡಾಂಬರಿಗಿಂತ ಗೇಣಷ್ಟು ತಗ್ಗಿದ್ದ ಮಣ್ಣಿಗೆ ಇಳಿದು, ಒಣಗಿದೆಲೆ ಮುಚ್ಚಿದ ಚರಂಡಿಯ ಬಾಯಿಯವರೆಗೂ ಹೋಗಿ ಮೇಲೆ ಬಂತು. ಆ ಬದಿಯಲ್ಲಿ ಮನುಷ್ಯ ನಿಲ್ಲಲು ಇದ್ದದ್ದು ಅಷ್ಟೇ ಜಾಗ.

ಆಮೇಲೆ ಬಲ ತಿರುವು ಬಂದಾಗಲೆಲ್ಲ ನಿಂತು, ಕಿವಿಗೊಟ್ಟು, ಎಡಕ್ಕೆ ದಾಟುವುದು. ತಿರುವು ಕಳೆದ ಮೇಲೆ ಮತ್ತೆ ಬಲಕ್ಕೆ. ಓಟದ ಲಯ ಕೆಡುತ್ತದೆ, ಕೆಡಲಿ. ಊರಿನಲ್ಲಿ ಹಾರ್ನ್ ಕೇಳಿದರೆ ಸಿಡುಕುವ ನಾನು ಇಲ್ಲಿ ಅದಕ್ಕಾಗಿ ಕಾಯುತ್ತಿದ್ದೆ. ನಿತ್ಯ ಓಡಾಡುವ ಚಾಲಕರು ತಿರುವಿಗೆ ಮೊದಲು ತಪ್ಪದೆ ಹಾರ್ನ್ ಹಾಕುತ್ತಾರೆ, ಹತ್ತುವ ಗಾಡಿಗೆ ದಾರಿ ಬಿಡುತ್ತಾರೆ. ರಸ್ತೆ ಕಿರಿದಾದ ಕಡೆ ಹತ್ತುವ ಗಾಡಿಗೆ ದಾರಿ ಬಿಡಬೇಕೆಂದು ಕಾನೂನೂ ಹೇಳುತ್ತದೆ. ಭಯ ಹುಟ್ಟಿಸುವವರು ಪ್ರವಾಸಿಗರು. ಮಂಗಗಳಿಗೆ ಬಾಳೆಹಣ್ಣು ಎಸೆಯಲು ತಿರುವಿನಲ್ಲೇ ಕಾರು ನಿಲ್ಲಿಸುತ್ತಾರೆ. ಹಿಂದೆ ಬಂದವರು ಅವರನ್ನು ಬಳಸಿಕೊಂಡು ನೇರ ನನ್ನ ಬದಿಗೆ ನುಗ್ಗುತ್ತಾರೆ. ಆ ಹಣ್ಣಿನಿಂದ ಮಂಗಕ್ಕೂ ಕೇಡು, ದಾರಿಹೋಕನಿಗೂ ಕೇಡು.

ಸೂರ್ಯಾಸ್ತದ ಕಟ್ಟೆ ತಲುಪುವಾಗ ತೊಡೆಗಳು ಸೋತಿದ್ದವು. ಆಗುಂಬೆ ಪೇಟೆಯಲ್ಲಿ ಚಹಾ ಕುಡಿಯುತ್ತಾ, ಪಕ್ಕದಲ್ಲಿದ್ದ ಮಿನಿ ಬಸ್ ಚಾಲಕರನ್ನು ಮಾತಿಗೆಳೆದೆ.

"ಓಡಿ, ಬೇಡ ಅನ್ನುವುದಿಲ್ಲ. ಒಳಮಗ್ಗುಲಲ್ಲಿ ಮಾತ್ರ ಇರಬೇಡಿ ಮಾರಾಯ್ರೆ, ನಮಗೆ ಕಾಣುವುದೇ ಇಲ್ಲ" ಎಂದರು.

ಇಳಿಯಲು ಅವರದೇ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೆ. ಒಂದು ತಿರುವಿನಲ್ಲಿ ಬಸ್ಸಿನ ಮೂತಿ ಪೂರ್ತಿ ಹೊರಳಿದ ಮೇಲಷ್ಟೇ, ಗುಡ್ಡಕ್ಕೆ ಅಂಟಿಕೊಂಡು ನಡೆಯುತ್ತಿದ್ದ ಇಬ್ಬರು ಹುಡುಗರು ಕಂಡರು. ಚಾಲಕರ ಕಾಲು ಆಗಲೇ ಬ್ರೇಕಿನ ಮೇಲಿತ್ತು. "ನೋಡಿದಿರಲ್ಲ?" ಎಂದವರೇ ಕಿಟಕಿಯಿಂದ ತಲೆ ಹೊರಹಾಕಿ, ಆಚೆ ಬದಿಗೆ ಹೋಗುವಂತೆ ಹುಡುಗರಿಗೆ ಕೂಗಿ ಹೇಳಿದರು.