ಎರಡು ಕುದುರೆ, ಆರಡಿ ಬಾರ್

ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಆಮಿಶ್ ಜನ ಜಾಸ್ತಿ. ಹಳೇ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡ ಇವರದು. ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವುದಿಲ್ಲ. ಕುದುರೆ ಇಲ್ಲವೇ ಹೇಸರಗತ್ತೆ ಹೂಡುತ್ತಾರೆ. ಇಷ್ಟು ಕೇಳಿದರೆ ಸಾಕು, ಊರಿಂದ ಬಂದ ನೆಂಟರು "ಪಾಪ, ಇವರಿಗೆ ಯಂತ್ರ ಅಂದ್ರೆ ಆಗಲ್ವಾ?" ಅನ್ನುತ್ತಾರೆ. ಆಗುತ್ತೆ, ಚೆನ್ನಾಗೇ ಆಗುತ್ತೆ. ಹುಲ್ಲನ್ನು ಚೌಕಾಕಾರದ ಪೆಂಡಿ ಕಟ್ಟುವ ಬೇಲರ್‌ನ ಮೇಲೆ ಪೆಟ್ರೋಲ್ ಎಂಜಿನ್ ಗುಡುಗುಡು ಅನ್ನುತ್ತಿರುತ್ತೆ, ಅದನ್ನು ಮುಂದೆ ಎಳೆಯುವುದು ಮಾತ್ರ ಕುದುರೆ. ಇಂಥ ನೋಟ ಇಲ್ಲಿ ಮಾಮೂಲು.

ನಾನು ಮಷಿನ್ ಡಿಸೈನ್ ಕೆಲಸದವನು. ನಾವು ಮೊಟ್ಟೆ, ತರಕಾರಿ ಕೊಳ್ಳುವ ತೋಟದ ಆಮಿಶ್ ಯಜಮಾನರಿಗೆ ಅದು ಗೊತ್ತು. ಹೋದ ಜೂನ್‌ನಲ್ಲಿ ಒಂದು ದಿನ, "ಶನಿವಾರ ಬಿಡುವಿದ್ರೆ ಬನ್ನಿ, ಹುಲ್ಲು ಕೊಯ್ಯೋ ಗಾಡಿಗೆ ಹೊಸ ಬಾರ್ ಕೂರಿಸ್ತಾ ಇದೀನಿ" ಅಂದರು. ಇಂಥ ಕರೆ ಬಂದರೆ ನಾನು ಇಲ್ಲ ಅನ್ನುವವನಲ್ಲ.

ಗಾಡಿ ಅಂದರೆ ಮೆಕಾರ್ಮಿಕ್-ಡೀರಿಂಗ್ ನಂಬರ್ 9. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1939ರಲ್ಲಿ ತಂದ ಮಾದರಿ. ಎರಡು ಕಬ್ಬಿಣದ ಚಕ್ರ, ಹಿಂದೆ ಒಂದು ತಗಡಿನ ಸೀಟು, ಬಲಗಡೆಗೆ ಚಾಚಿಕೊಂಡ ಆರಡಿ ಉದ್ದದ ಬಾರ್. ಬಾರಿನ ಮೇಲೆ ತ್ರಿಕೋನದ ಅಲಗುಗಳ ಸಾಲು ಅತ್ತಿಂದಿತ್ತ ಓಡಾಡುತ್ತೆ. ಎಂಜಿನ್ ಇಲ್ಲ. ಚಕ್ರ ತಿರುಗಿದರೆ ಗೇರು ತಿರುಗುತ್ತೆ, ಗೇರು ತಿರುಗಿದರೆ ಪಿಟ್‌ಮನ್ ಅನ್ನುವ ಮರದ ಕೋಲು ಅಲಗನ್ನು ಎಳೆದಾಡಿಸುತ್ತೆ. ಗೇರುಗಳು ಪೆಟ್ಟಿಗೆಯೊಳಗೆ ಎಣ್ಣೆಯಲ್ಲೇ ಇರುವುದರಿಂದ ಈಗಲೂ ಸದ್ದಿಲ್ಲದೆ ತಿರುಗುತ್ತಿದ್ದವು. ಕುದುರೆ ನಿಂತರೆ ಎಲ್ಲವೂ ನಿಂತಿತು.

ನೋಡಿದ ತಕ್ಷಣ ನನ್ನ ತಲೆಗೆ ಬಂದಿದ್ದು ಎಂಜಿನ್ನೇ. "ಬೇಲರ್ ಮೇಲೆ ಇಟ್ಟ ಹಾಗೆ ಇದಕ್ಕೂ ಒಂದು ಚಿಕ್ಕದನ್ನ ಇಡಬಹುದಲ್ವಾ?" ಅಂದೆ. ಅವರ ತಮ್ಮನ ಗಾಡಿಗೆ ಹಾಗೇ ಇಟ್ಟಿದ್ದಾರಂತೆ. ಹುಲ್ಲು ದಟ್ಟವಾಗಿದ್ದಾಗ ಅನುಕೂಲವೂ ಹೌದು. ಕುದುರೆ ನಿಧಾನಕ್ಕೆ ನಡೆದರೂ ಅಲಗು ತನ್ನ ವೇಗದಲ್ಲೇ ಓಡುತ್ತೆ. ಯಜಮಾನರು ಸ್ಪ್ಯಾನರ್ ಕೆಳಗಿಡದೆ ಹೇಳಿದರು: "ಎಂಜಿನ್ ಎಳೆಯೋರು ಯಾರು? ಇವೇ ಎರಡು. ಮೊದಲು ಇವುಗಳ ಬಲ ಎಲ್ಲಿ ಸೋರಿ ಹೋಗ್ತಿದೆ ನೋಡೋಣ."

ಆ ಮಾತು ನನಗೆ ಹಿಡಿಸಿತು. ಅಲ್ಲೇ ಕೂತು ಲೆಕ್ಕ ಹಾಕಿದೆ. ಅವರ ಬೆಲ್ಜಿಯನ್ ಕುದುರೆಗಳು ಒಂದೊಂದೂ 800 ಕಿಲೋ ಮೇಲೆ. ದಿನವಿಡೀ ದುಡಿಯುವಾಗ ಕುದುರೆ ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟು ಬಲದಲ್ಲಿ ಎಳೆಯುತ್ತೆ ಅನ್ನುವುದು ಹಳೆಯ ಅಂದಾಜು. ಗಂಟೆಗೆ ನಾಲ್ಕು ಕಿಲೋಮೀಟರ್ ನಡಿಗೆ ಅಂತ ಹಿಡಿದರೆ ಎರಡೂ ಸೇರಿ 2 ಕಿಲೋವ್ಯಾಟ್‌ಗೂ ಕಡಿಮೆ. ನಮ್ಮ ಅಡುಗೆಮನೆಯ ಮಿಕ್ಸಿಯ ಮೇಲೆ 750 ವ್ಯಾಟ್ ಅಂತ ಬರೆದಿರುತ್ತೆ. ಅಂದರೆ ಎರಡು ಮೂರು ಮಿಕ್ಸಿಯಷ್ಟು ಶಕ್ತಿಯಲ್ಲಿ ಗಾಡಿಯೂ ಓಡಬೇಕು, ಮೇಲೆ ಕೂತವರನ್ನೂ ಹೊರಬೇಕು, ಆರಡಿ ಅಗಲಕ್ಕೆ ಹುಲ್ಲೂ ಕೊಯ್ಯಬೇಕು. ಆಫೀಸಿನಲ್ಲಿ ನಾವು ಮೋಟರ್ ಸಾಲದು ಅನಿಸಿದರೆ ಸುಮ್ನೆ ದೊಡ್ಡದನ್ನ ಆರ್ಡರ್ ಮಾಡಿಬಿಡುತ್ತೇವೆ. ಇಲ್ಲಿ ಆ ದಾರಿಯೇ ಇಲ್ಲ.

ಹಳೇ ಬಾರ್ ಬಿಚ್ಚುವ ಮುಂಚೆ ಒಂದು ದಾರ ತಂದರು. ಪಿಟ್‌ಮನ್‌ನ ನೇರಕ್ಕೆ ಕಟ್ಟಿ ಬಾರಿನ ತುದಿವರೆಗೆ ಎಳೆದರು. ಬಾರಿನ ಹೊರತುದಿ ಒಳತುದಿಗಿಂತ ಸ್ವಲ್ಪ ಮುಂದಿರಬೇಕು. ಅಡಿಗೆ ಕಾಲಿಂಚು, ಆರಡಿಗೆ ಒಂದೂವರೆ ಇಂಚು. ಹುಲ್ಲಿಗೆ ನುಗ್ಗಿದಾಗ ಬಾರ್ ಹಿಂದಕ್ಕೆ ಒತ್ತಿಸಿಕೊಳ್ಳುತ್ತೆ, ಆಗ ಅಲಗು ಮತ್ತು ಪಿಟ್‌ಮನ್ ಒಂದೇ ಗೆರೆಗೆ ಬರುತ್ತವೆ. ಇಲ್ಲಿ ಕೀಲುಗಳು ಸವೆದು ಹೊರತುದಿ ಹಿಂದೆಯೇ ಬಿದ್ದಿತ್ತು. ಕೋಲು ಓರೆಯಾಗಿ ತಳ್ಳುತ್ತಿತ್ತು. ಅಷ್ಟೂ ತಿಕ್ಕಾಟ ಕುದುರೆಗಳ ಲೆಕ್ಕಕ್ಕೆ.

ಇನ್ನೊಂದು ಕಡೆ ಇನ್ನೂ ಹೆಚ್ಚು ಸೋರಿಕೆ. ಅಲಗಿನ ಬೆನ್ನಿಗೆ ಆಸರೆಯಾಗಿ ಚಿಕ್ಕ ಉಕ್ಕಿನ ಪಟ್ಟಿಗಳಿರುತ್ತವೆ. ಒಂದನ್ನು ಬಿಚ್ಚಿ ನನ್ನ ಕೈಗಿಟ್ಟರು. ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದಿತ್ತು. ಪಟ್ಟಿ ಸವೆದರೆ ಅಲಗಿನ ಮೂತಿ ಮೇಲೇಳುತ್ತೆ, ಕೆಳಗಿನ ಕದಲದ ಅಂಚಿಗೂ ಅದಕ್ಕೂ ನಡುವೆ ಸಂದಿಯಾಗುತ್ತೆ. ಹುಲ್ಲು ಕತ್ತರಿಸುವ ಬದಲು ಮಡಿಸಿಕೊಂಡು ಸಂದಿಗೆ ಸಿಕ್ಕಿಕೊಳ್ಳುತ್ತೆ. ಅಲಗು ಎಷ್ಟು ಮಸೆದರೂ ಪ್ರಯೋಜನವಿಲ್ಲ.

ಹೊಸ ಬಾರ್ ಇವೆಲ್ಲವನ್ನೂ ಯೋಚಿಸಿ ಮಾಡಿದ್ದು. ಇಂಥವನ್ನು ತಯಾರಿಸುವ ಕಾರ್ಖಾನೆಗಳು ಇದೇ ಕೌಂಟಿಯಲ್ಲೂ ಇವೆ. ಹಳೆಯದರಲ್ಲಿ ಅಲಗುಗಳನ್ನು ರಿವೆಟ್ ಹೊಡೆದು ಕೂರಿಸಿದ್ದರು. ಒಂದು ಮುರಿದರೆ ಸುತ್ತಿಗೆ, ಉಳಿ ಹಿಡಿದು ಕೂರಬೇಕು. ಹೊಸದರಲ್ಲಿ ಬೋಲ್ಟು. ಹೊಲದಲ್ಲೇ ಬಿಚ್ಚಿ ಹಾಕಬಹುದು. ಅಲಗಿನ ಅಂಚಿಗೆ ಕುಡುಗೋಲಿನ ಹಲ್ಲು ಬೇರೆ. ಆದರೆ ಪಿಟ್‌ಮನ್ ಮಾತ್ರ ಮರದ್ದೇ ಉಳಿಯಿತು. ಕಲ್ಲಿಗೆ ತಾಗಿದರೆ ಮೊದಲು ಅದು ಮುರಿಯಲಿ, ಗೇರು ಉಳಿಯಲಿ ಅಂತ.

ಮಧ್ಯಾಹ್ನ ಗದ್ದೆಗೆ ಇಳಿಸಿದೆವು. ತಿಮೋತಿ ಮತ್ತು ಆರ್ಚರ್ಡ್ ಹುಲ್ಲು, ಮೊಣಕಾಲು ದಾಟಿತ್ತು. ಶುರು ಮಾಡುವಾಗ ಕುದುರೆಗಳನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿದರು, ಆಮೇಲೆ ಮುಂದಕ್ಕೆ ಬಿಟ್ಟರು. ಹುಲ್ಲಿಗೆ ತಾಗುವ ಹೊತ್ತಿಗೆ ಅಲಗು ಓಡುತ್ತಿರಬೇಕು. ಕಟಕಟ ಸದ್ದು ಬೇಗನೆ ಒಂದೇ ಸಮನೆಯ ಗುಂಯ್ ಆಯಿತು. ಹುಲ್ಲು ಬಾರಿನ ಮೇಲೆ ಒಂದು ಕ್ಷಣ ನೆಟ್ಟಗೆ ನಿಂತ ಹಾಗೇ ಇದ್ದು ಆಮೇಲೆ ಹಿಂದಕ್ಕೆ ಮಲಗುತ್ತಿತ್ತು. ಹಳೇ ಬಾರಿನಲ್ಲಿ ಕುದುರೆಗಳು ಕುತ್ತಿಗೆ ಬಗ್ಗಿಸಿ ಎಳೆಯುತ್ತಿದ್ದ ಏರಿನಲ್ಲಿ ಈಗ ತಲೆ ಎತ್ತಿಕೊಂಡೇ ನಡೆದವು ಅಂತ ಯಜಮಾನರೇ ತೋರಿಸಿದರು. ಅವರ ಮೀಟರು ಅದೇ.

ನನ್ನನ್ನೂ ಒಂದು ಸುತ್ತು ಕೂರಿಸಿದರು. ಷರತ್ತು ಒಂದೇ: ಇಳಿಯುವುದಾದರೆ ಗೇರು ಬಿಡಿಸಿ, ಹಿಂದಿನಿಂದ ಇಳಿಯಬೇಕು, ಬಾರಿನ ಮುಂದೆ ಕಾಲಿಡಲೇಬಾರದು. ಕುದುರೆ ನೊಣ ಕಚ್ಚಿತೆಂದು ಒಂದು ಹೆಜ್ಜೆ ಇಟ್ಟರೂ ಅಲಗು ಓಡುತ್ತೆ. ಮೊದಲ ಕಾಲದ ಯಂತ್ರಗಳು ಇನ್ನೂ ಅಪಾಯದವು. 1850ರ ದಶಕದಲ್ಲಿ ಒಹಾಯೊದ ಲೂಯಿಸ್ ಮಿಲ್ಲರ್ ಬಾರನ್ನು ಚಾಲಕನ ಮುಂಭಾಗಕ್ಕೆ, ಕಣ್ಣಿಗೆ ಕಾಣುವ ಕಡೆಗೆ ತಂದರು. ಇದೇ ಮಿಲ್ಲರ್ ಮುಂದೆ ಥಾಮಸ್ ಎಡಿಸನ್‌ಗೆ ಮಾವನಾದರು. ಅಳಿಯನ ಹೆಸರು ಎಲ್ಲರಿಗೂ ಗೊತ್ತು, ಮಾವನದು ಯಾರಿಗೂ ಗೊತ್ತಿಲ್ಲ.

ನಾನು ಕೂತಾಗ ಯಜಮಾನರು ಕುದುರೆಗಳ ಮುಂದೆ ಹೋಗಿ ಗಾಡಿಯಿಂದ ಅವುಗಳ ನಡುವೆ ಮುಂದಕ್ಕೆ ಚಾಚಿದ ಮೂಕಿಯ ತುದಿಯನ್ನು ಕೈಯಲ್ಲಿ ಎತ್ತಿ ನೋಡಿದರು. "ನಿಮ್ಮ ತೂಕ ಸಾಲದು, ಇನ್ನೂ ಹಿಂದಕ್ಕೆ ಸರೀರಿ." ಸೀಟು ಅಚ್ಚಿನ ಹಿಂದೆ ಇರುವುದು ಅದಕ್ಕೇ. ಕೂತವರ ಭಾರ ಹಿಂದೆ ಬಿದ್ದಷ್ಟೂ ಕುದುರೆಗಳ ಕುತ್ತಿಗೆ ಹಗುರ. ಅವರ ಸಣ್ಣ ಮಗ ಓಡಿಸಿದ ದಿನ ಕುದುರೆಗಳು ಬೇಗ ದಣಿಯುತ್ತಿದ್ದವಂತೆ. ಹಾಗಾಗಿ ಮೂಕಿಯ ಕೆಳಗೆ ಒಂದು ಚಿಕ್ಕ ಚಕ್ರದ ಗಾಡಿ ಸೇರಿಸುವ ಯೋಚನೆಯಿದೆ.

ಆ ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಇದನ್ನೆಲ್ಲ ವರದಿ ಒಪ್ಪಿಸಿದೆ. ಚಿಕ್ಕ ವಯಸ್ಸಲ್ಲಿ ಎತ್ತಿನ ಗಾಡಿ ಹೊಡೆದವರು. ಬ್ಲೇಡು, ಬೋಲ್ಟು ಯಾವುದೂ ಅವರ ಕಿವಿಗೆ ಬೀಳಲಿಲ್ಲ. "ಅದೆಲ್ಲ ಇರ್ಲಿ, ಮೂಕಿ ಭಾರ ಎಷ್ಟು ಬೀಳುತ್ತಪ್ಪಾ?" ಅಂತ ಕೇಳಿದರು. ಆಮಿಶ್ ಯಜಮಾನರೂ ಅಪ್ಪನೂ ಎದುರುಬದುರು ಕೂತರೆ ನಾನು ಬರೀ ಕಾಫಿ ಕೊಡಲಿಕ್ಕಷ್ಟೇ ಬೇಕಾಗುತ್ತೇನೆ.

ಕೊಯ್ಲು ಮುಗಿದರೆ ಅರ್ಧ ಕೆಲಸ ಅಷ್ಟೆ. ಹಸಿ ಹುಲ್ಲಿನಲ್ಲಿ ನೂರಕ್ಕೆ 75 ಪಾಲು ನೀರು. ಅದು 20ಕ್ಕೆ ಇಳಿಯದೆ ಪೆಂಡಿ ಕಟ್ಟಿದರೆ ಬೂಸಲು ಹಿಡಿಯುತ್ತೆ. ಒಳಗೇ ಕಾವು ಏರಿ ಕೊಟ್ಟಿಗೆಗೆ ಬೆಂಕಿ ಬೀಳುವುದೂ ಉಂಟು. ಹಾಗಾಗಿ ಟೆಡರ್ ಹೂಡಿ ಹುಲ್ಲನ್ನು ಕೆದರಿ ಹರಡುತ್ತಾರೆ, ಆಮೇಲೆ ರೇಕ್ ಎಳೆದು ಸಾಲು ಮಾಡುತ್ತಾರೆ. ಅವಕ್ಕೂ ಕುದುರೆಯೇ. ಅವತ್ತು ಮೋಡ ಇರಲಿಲ್ಲ, ಅದೃಷ್ಟ.

ಹೊರಡುವಾಗ ಆ ಸವೆದ ಪಟ್ಟಿಯನ್ನು ನನ್ನ ಜೇಬಿಗೆ ಹಾಕಿದ್ದರು. ಅವರ ಹತ್ತಿರ ಇಂಥದೇ ಇನ್ನೊಂದು ಹಳೇ ಗಾಡಿ ಇದೆ, ಅದಕ್ಕೆ ಹೊಸ ಬಾರ್ ಕೊಳ್ಳುವ ಮನಸ್ಸಿಲ್ಲ. ಅಳತೆ ತೆಗೆದು ಡ್ರಾಯಿಂಗ್ ಮಾಡಿಕೊಡಬೇಕು, ಅವರ ಪರಿಚಯದ ಕಮ್ಮಾರರು ಮಾಡುತ್ತಾರೆ. ಡ್ರಾಯಿಂಗ್ ಆಗಿದೆ. ಯಾವ ಉಕ್ಕು ಅನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೆ ಇನ್ನೂ ಒಮ್ಮತವಿಲ್ಲ. ನಾನು ಗಟ್ಟಿಯದು ಅನ್ನುತ್ತೇನೆ. ಪಟ್ಟಿ ಗಟ್ಟಿಯಾದರೆ ದುಬಾರಿ ಅಲಗೇ ಸವೆಯುತ್ತೆ, ಮೆತ್ತಗಿನದೇ ಇರಲಿ, ವರ್ಷಕ್ಕೊಂದು ಸಲ ಬದಲಿಸ್ತೀನಿ ಅನ್ನುತ್ತಾರೆ ಅವರು.