ಮೌಸ್ ಒಳಗ ಹೋಗೇತಿ, ಹೊರಗ ಬರವಲ್ದು

ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು. ಆ ಕಾಶಿಯಲ್ಲಿ ನಮ್ಮದು ತೀರಾ ಸಣ್ಣದೊಂದು ಘಾಟು. ಬೆಟಗೇರಿ ಕಡೆ ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್. ಕಂಪೋಸ್ ಮಾಡಿ ಬಟರ್ ಪೇಪರ್ ತೆಗೆದು ಕೊಡುವವರೆಗೆ ನಮ್ಮ ಕೆಲಸ. ಪ್ಲೇಟು, ಮಷಿನ್ನು ಎಲ್ಲ ಬೇರೆಯವರದು.

ಎರಡು ಕಂಪ್ಯೂಟರ್ ಅಂದೆ, ಲೆಕ್ಕ ಹಿಡಿದರೆ ಮೂರು. ಮೂರನೆಯದು ವಿಂಡೋಸ್ 10 ಹಾಕಿದ ಡೆಸ್ಕ್‌ಟಾಪಿನ ಹೊಟ್ಟೆಯೊಳಗೆ, ವರ್ಚುವಲ್‌ಬಾಕ್ಸ್ ಅನ್ನುವ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿನಲ್ಲಿ ಓಡುವ ವಿಂಡೋಸ್ ಎಕ್ಸ್‌ಪಿ. ಈ ಕಾಲದಲ್ಲೂ ಎಕ್ಸ್‌ಪಿ ಯಾಕೆ ಅಂತ ಕೇಳುವವರಿಗೆ ನಮ್ಮ ಗಿರಾಕಿಗಳನ್ನು ತೋರಿಸಬೇಕು. ಪ್ರತಿ ವರ್ಷ ಅದೇ ಸಂಘದವರು ಬರುತ್ತಾರೆ: "ಹೋದ ವರ್ಷದ್ದ ತೆಗೀರಿ, ತಾರೀಖಷ್ಟ ಬದ್ಲಿ ಮಾಡ್ರಿ." ಆ ಹೋದ ವರ್ಷದ್ದು ಇರುವುದು ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಿನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಈಗಿನ ಕಂಪ್ಯೂಟರುಗಳು ಅಕ್ಷರಕ್ಕೆ ಬಳಸುವ ಯೂನಿಕೋಡ್ ಸಂಕೇತ ಅದಕ್ಕೆ ಗೊತ್ತಿಲ್ಲ. ಹದಿನೈದು ವರ್ಷದ ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ ಎಲ್ಲವನ್ನೂ ಹೊಸದರಲ್ಲಿ ಮತ್ತೆ ಹೊಡೆಯುವುದು ಯಾರು? ಹಳೇ ಮಷಿನ್ನಿನ ಮದರ್‌ಬೋರ್ಡ್ ಸುಟ್ಟ ಮೇಲೆ ಎಕ್ಸ್‌ಪಿಯನ್ನು ವಿಎಂ, ಅಂದರೆ ಆ ವರ್ಚುವಲ್ ಮಷಿನ್ ಒಳಗೆ ಕೂರಿಸಿದೆ. 2014ರ ಏಪ್ರಿಲ್ 8ಕ್ಕೇ ಅದರ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ. ಹಾಗಾಗಿ ಒಳಗೆ ಇಂಟರ್ನೆಟ್ ಕೊಟ್ಟಿಲ್ಲ, ಅದೂ ಕೇಳಿಲ್ಲ. ಎಸ್‌ಎಸ್‌ಡಿಯಲ್ಲಿ ಜಾಗ ಸಾಲದೆ ವಿಎಂನ ಇಡೀ ಫೈಲನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೆ. ಇದೊಂದು ಮಾತು ನೆನಪಿರಲಿ.

ಲಗ್ನದ ಸೀಸನ್ನಿಗೆ ಮುಂಚೆ ಟೇಬಲ್ ಚೊಕ್ಕಟ ಕಾಣಲಿ ಅಂತ ವೈರ್‌ಲೆಸ್ ಕೀಬೋರ್ಡ್, ಮೌಸ್ ಜೋಡಿ ತಂದೆ. ಎರಡಕ್ಕೂ ಸೇರಿ ಉಗುರಿನಷ್ಟು ದೊಡ್ಡ ಒಂದೇ ರಿಸೀವರ್. ಸಿಪಿಯು ಹಿಂದೆ ಖಾಲಿ ಇದ್ದ ಕಿಂಡಿಗೆ ಸಿಗಿಸಿದೆ. ವಿಂಡೋಸ್ 10ರಲ್ಲಿ ಬೆಣ್ಣೆಯ ಹಾಗೆ ಓಡಿತು. ಎಕ್ಸ್‌ಪಿ ತೆರೆದು ಪೇಜ್‌ಮೇಕರ್‌ನಲ್ಲಿ ಗೈಡ್‌ಲೈನ್ ಎಳೆದರೆ ಮಾತ್ರ ಬಾಣ ಒಂದು ಗೇಣು ಹೋಗಿ ನಿಲ್ಲುತ್ತದೆ, ಆಮೇಲೆ ದಡಕ್ಕನೆ ಮುಂದಕ್ಕೆ ಹಾರುತ್ತದೆ. ಗಣಪತಿಯ ಬ್ಲಾಕನ್ನು ನಡುವೆ ಕೂರಿಸಲು ಹೋದರೆ ಅಂಚಿಗೆ ಹೋಗಿ ಕೂತಿತು.

ವಿಎಂ ತೆರೆದಾಗಷ್ಟೇ ಹೀಗೆ. ಅಂದಮೇಲೆ ತಪ್ಪು ವಿಎಂದೇ ಅಂತ ತೀರ್ಮಾನ ಮಾಡಿಬಿಟ್ಟೆ. ಎಕ್ಸ್‌ಪಿಯೊಳಗೆ ಹಾಕುವ ವರ್ಚುವಲ್‌ಬಾಕ್ಸ್‌ನ ಡ್ರೈವರ್‌ಗಳ ಕಟ್ಟು, ಗೆಸ್ಟ್ ಅಡಿಷನ್ಸ್, ಮತ್ತೆ ಹಾಕಿದೆ. ಸೆಟ್ಟಿಂಗ್ಸ್‌ನಲ್ಲಿ ಪಾಯಿಂಟಿಂಗ್ ಡಿವೈಸ್, ಅಂದರೆ ವಿಎಂಗೆ ಕಾಣುವ ಮೌಸು, ಹಳೇ ನಮೂನೆಯ ಪಿಎಸ್/2 ಇದ್ದದ್ದನ್ನು ಯುಎಸ್‌ಬಿ ಟ್ಯಾಬ್ಲೆಟ್ ಮಾಡಿದೆ. ಇದರಿಂದ ಬಾಣ ವಿಎಂನ ಕಿಟಕಿಯೊಳಗೆ ಸಲೀಸಾಗಿ ಹೋಗಿ ಬರುವುದೇನೋ ನಿಜ. ಪಿಎಸ್/2 ಮೌಸ್ ಎಷ್ಟು ಸರಿದೆ ಅಂತಷ್ಟೇ ಹೇಳುತ್ತದೆ, ಟ್ಯಾಬ್ಲೆಟ್ ಆದರೆ ಪರದೆಯ ಯಾವ ಜಾಗದಲ್ಲಿದ್ದೇನೆ ಅಂತ ನೇರ ಹೇಳುತ್ತದೆ. ಆದರೆ ತಡವರಿಕೆ ಹೋಗಲಿಲ್ಲ.

ಆಗ ತಲೆ ಓಡಿಸಿದೆ, ಓಡಿಸಬಾರದಿತ್ತು. ಮೌಸು ವಿಂಡೋಸ್ 10ರ ಕೈ ದಾಟಿ ಎಕ್ಸ್‌ಪಿಗೆ ಹೋಗುತ್ತಿದೆ, ಅದಕ್ಕೇ ತಡ. ನೇರವಾಗಿ ಎಕ್ಸ್‌ಪಿ ಕೈಗೇ ಕೊಟ್ಟರಾಯಿತಲ್ಲ? ವರ್ಚುವಲ್‌ಬಾಕ್ಸ್‌ನ ಡಿವೈಸಸ್ ಮೆನುವಿನ ಯುಎಸ್‌ಬಿ ಪಟ್ಟಿಯಲ್ಲಿ 'ರಿಸೀವರ್' ಅಂತ ಇದ್ದದ್ದಕ್ಕೆ ಟಿಕ್ ಹಾಕಿದೆ.

ಒಂದು ಟಣ್ ಸದ್ದು. ಬಾಣ ಎಕ್ಸ್‌ಪಿ ಒಳಗೆ ಓಡಾಡುತ್ತಿದೆ, ಅದರ ಅಂಚಿಗೆ ಬಂದು ನಿಲ್ಲುತ್ತಿದೆ, ಹೊರಗೆ ಕಾಲಿಡುತ್ತಿಲ್ಲ. ವಿಎಂನಿಂದ ಹೊರಬರಲು ಬಲಗಡೆಯ ಕಂಟ್ರೋಲ್ ಒತ್ತಬೇಕೆನ್ನುವುದು ಗೊತ್ತಿತ್ತು, ಒತ್ತಿದೆ. ಏನೂ ಇಲ್ಲ. ರಿಸೀವರ್ ಒಂದೇ ಆದ್ದರಿಂದ ಮೌಸಿನ ಜೊತೆ ಕೀಬೋರ್ಡೂ ಒಳಗೆ ಹೋಗಿತ್ತು. ನಾನು ಒತ್ತಿದ ಕಂಟ್ರೋಲ್ ವರ್ಚುವಲ್‌ಬಾಕ್ಸ್‌ಗೆ ಕೇಳಿಸಲೇ ಇಲ್ಲ, ಸೀದಾ ಎಕ್ಸ್‌ಪಿಗೆ ಹೋಯಿತು. ಸಿಟ್ಟಿಗೆ ಕುಟ್ಟಿದ ಕೀಲಿಗಳೆಲ್ಲ ವರನ ಹೆಸರಿನ ಹಿಂದೆ, 'ಚಿ. ರಾ.' ಆದಮೇಲೆ, ನುಡಿ ಅಕ್ಷರಗಳಾಗಿ ಸಾಲಾಗಿ ಬಿದ್ದವು.

ಅಷ್ಟೊತ್ತಿಗೆ ಆ ಪತ್ರಿಕೆಯ ಯಜಮಾನರು, ವರನ ಕಾಕಾ, ಪ್ರೂಫ್ ನೋಡಲು ಬಂದರು.

"ಯಾಕೋ ತಮ್ಮಾ, ಮಷಿನ್ ನಿಂತೈತೇನು?"

"ಇಲ್ರೀ ಕಾಕಾ, ಮೌಸ್ ಒಳಗ ಹೋಗೇತಿ, ಹೊರಗ ಬರವಲ್ದು."

"ಒಳಗ ಅಂದ್ರ ಎಲ್ಲಿ?" ಅಂತ ಬಗ್ಗಿ ಟೇಬಲ್ ಕೆಳಗೆ ನೋಡಿದರು.

ದಾರಿ ಒಳಗೇ ಇತ್ತು. ಎಕ್ಸ್‌ಪಿಯಲ್ಲಿ ಮೌಸ್ ತಡವರಿಸುತ್ತಲಾದರೂ ಕೆಲಸ ಮಾಡುತ್ತಿತ್ತಲ್ಲ, ಫೈಲ್ ಸೇವ್ ಮಾಡಿ, ಸ್ಟಾರ್ಟ್‌ಗೆ ಹೋಗಿ ಟರ್ನ್ ಆಫ್ ಕೊಟ್ಟೆ. ಎಕ್ಸ್‌ಪಿ ಆರಿದ್ದೇ ರಿಸೀವರ್ ವಿಂಡೋಸ್ 10ರ ಕೈಗೆ ವಾಪಸ್ ಬಂತು. ಆ ಪಟ್ಟಿಯ ಫಿಲ್ಟರಿಗೆ ಅದನ್ನು ಸೇರಿಸಿರಲಿಲ್ಲ, ಪುಣ್ಯ. ಸೇರಿಸಿದ್ದರೆ ಎಕ್ಸ್‌ಪಿ ಶುರುವಾದಾಗಲೆಲ್ಲ ತಾನೇ ನುಂಗುತ್ತಿತ್ತು.

ರಾತ್ರಿ ಊಟ ಮಾಡುವಾಗ ಒಂದು ವಿಷಯ ಹೊಳೆಯಿತು. ನೇರವಾಗಿ ಎಕ್ಸ್‌ಪಿ ಕೈಗೆ ಕೊಟ್ಟಾಗಲೂ ಬಾಣ ತಡವರಿಸುತ್ತಲೇ ಇತ್ತು. ಅಂದರೆ ನಡುವೆ ಕೂತ ವಿಂಡೋಸ್ 10ರದು ತಪ್ಪಲ್ಲ. ಅಸಲಿಗೆ, ಮಾಮೂಲು ರೀತಿಯಲ್ಲಿ ಎಕ್ಸ್‌ಪಿಗೆ ನಮ್ಮ ಮೌಸು ವೈರ್‌ಲೆಸ್ ಅಂತ ಗೊತ್ತೇ ಆಗುವುದಿಲ್ಲ. ರೇಡಿಯೋ ಮಾತು ರಿಸೀವರ್‌ಗೆ ಮುಗಿಯಿತು. ಅಲ್ಲಿಂದ ಮುಂದೆ ವರ್ಚುವಲ್‌ಬಾಕ್ಸ್ ತಾನೇ ಕಟ್ಟಿದ ಒಂದು ಸುಳ್ಳು ಮೌಸನ್ನು ಎಕ್ಸ್‌ಪಿಗೆ ತೋರಿಸುತ್ತದೆ.

ಮರುದಿನ ಬೆಳಿಗ್ಗೆ ಡ್ರಾಯರಿನಿಂದ ಹಳೇ ವೈರಿನ ಮೌಸು ತೆಗೆದು ಹಚ್ಚಿದೆ. ಎಕ್ಸ್‌ಪಿಯಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಮತ್ತೆ ವೈರ್‌ಲೆಸ್ ಹಿಡಿದೆ, ಎಕ್ಸ್‌ಪಿಯನ್ನು ತೆರೆಯಲೇ ಇಲ್ಲ, ಎಕ್ಸ್‌ಟರ್ನಲ್ ಡಿಸ್ಕಿನಿಂದ ಫೋಟೋಗಳ ದೊಡ್ಡ ಫೋಲ್ಡರೊಂದನ್ನು ಕಾಪಿಗೆ ಹಾಕಿದೆ. ವಿಂಡೋಸ್ 10ರಲ್ಲೇ ಬಾಣ ಕುಂಟತೊಡಗಿತು! ಕಾಪಿ ಮುಗಿಯಿತು, ಕುಂಟುವುದೂ ನಿಂತಿತು.

ವಿಎಂ ತೆರೆದಾಗ ನಡೆಯುತ್ತಿದ್ದದ್ದೂ ಇದೇ. ಎಕ್ಸ್‌ಪಿ ಇರುವುದೇ ಆ ಡಿಸ್ಕಿನಲ್ಲಿ, ತೆರೆದ ಕೂಡಲೇ ಡಿಸ್ಕು ದುಡಿಯಲು ಶುರು. ಅದು ಯುಎಸ್‌ಬಿ 3.0 ಡಿಸ್ಕು, ಹಿಂದಿನ ನೀಲಿ ಕಿಂಡಿಯಲ್ಲಿ; ಪಕ್ಕದ ಕಿಂಡಿಯಲ್ಲೇ ಉಗುರಿನಷ್ಟು ರಿಸೀವರ್. ಯುಎಸ್‌ಬಿ 3.0ರಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವಾಗ ಕೇಬಲ್ಲು, ಕನೆಕ್ಟರಿನಿಂದ ರೇಡಿಯೋ ಗದ್ದಲ ಸೋರುತ್ತದೆ, ಅದು 2.4 ಗಿಗಾಹರ್ಟ್ಸ್‌ನ ಸುತ್ತಲೂ ಹರಡಿರುತ್ತದೆ. ನಮ್ಮ ಮೌಸು ಮಾತಾಡುವುದೂ ಅಲ್ಲೇ. ಇಂಟೆಲ್ ಕಂಪನಿಯವರು 2012ರಲ್ಲೇ ಇದರ ಬಗ್ಗೆ ಒಂದು ವರದಿ ಬರೆದಿಟ್ಟಿದ್ದಾರೆ. ಸಂತೆಯಲ್ಲಿ ಭೋಂಗಾದ ಬುಡಕ್ಕೆ ನಿಂತು ಪಿಸುಮಾತು ಕೇಳಿಸಿಕೊಳ್ಳುವ ಪಾಡು ಆ ರಿಸೀವರ್‌ದು. ಸಾಲದ್ದಕ್ಕೆ ಮೌಸು ಟೇಬಲ್ ಮೇಲೆ, ರಿಸೀವರ್ ಕೆಳಗೆ, ನಡುವೆ ಸಿಪಿಯುವಿನ ತಗಡಿನ ಡಬ್ಬಿ.

ಸ್ಟೇಷನ್ ರಸ್ತೆಯಲ್ಲಿ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಕೊಂಡೆ. ಸಿಪಿಯುವಿನ ಮುಂಭಾಗದ ಕಿಂಡಿಗೆ ಹಚ್ಚಿ, ತುದಿಗೆ ರಿಸೀವರ್ ಸಿಗಿಸಿ, ಮೌಸಿನ ಪಕ್ಕದಲ್ಲೇ ಟೇಬಲ್ ಮೇಲೆ ಟೇಪು ಹಚ್ಚಿ ಕೂರಿಸಿದೆ. ಗೈಡ್‌ಲೈನ್ ಎಳೆದ ಕಡೆ ನಿಂತಿತು. ಗಣಪತಿ ನಡುವೆ ಬಂದು ಕೂತ.

ಸಂಜೆ ಕಾಕಾ ಮತ್ತೆ ಬಂದರು. ಟೇಬಲ್ ಮೇಲಿನ ಕೇಬಲ್ಲನ್ನು ಬೆರಳಲ್ಲಿ ಎತ್ತಿ ಹಿಡಿದು, "ವೈರ್ ಇಲ್ಲದ್ದು ತಂದೇನಿ ಅಂದಿದ್ದೆಲ್ಲೋ, ಮತ್ತ ಇದೇನಿದು?" ಅಂದರು.

ನಾನು ಪ್ರೂಫ್ ಕೈಗಿಟ್ಟೆ. "ಮೊದ್ಲ ಹುಡುಗನ ಹೆಸರು ಸರಿ ಐತೇನ್ ನೋಡ್ರಿ ಕಾಕಾ."