ಎಲೆಗಳೇ ಹೂವಾಗುವ ಕಾಲ

ಕಡಲೆಕಾಯಿ ಪರಿಷೆ ಮುಗಿದ ಮೇಲಿನ ಬೆಂಗಳೂರು ನನಗೆ ತುಂಬಾ ಇಷ್ಟ. ಮಳೆ ನಿಂತಿರುತ್ತದೆ. ರಾತ್ರಿ ತಣ್ಣಗೆ, ಬೆಳಗ್ಗೆ ಎಳೆಬಿಸಿಲು. ಈ ಸಲ ಅಂಥದ್ದೊಂದು ಭಾನುವಾರ ಬೆಳಗ್ಗೆಯೆಲ್ಲ ಹಿತ್ತಲಲ್ಲೇ ಇದ್ದೆ.

ಮಲ್ಲಿಗೆ ನಿಂತುಹೋಗಿತ್ತು. ಆದರೂ ಹಿತ್ತಲು ತುಂಬಾ ಬಣ್ಣ. ಎಲ್ಲ ಎಲೆಗಳದ್ದೇ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬಾಳುವ ಗಿಡಗಳವು. ನಮ್ಮ ಕ್ರೋಟನ್ನಿನ ಚಿಗುರು ಹಸಿರು-ಹಳದಿ, ಎಲೆ ಬಲಿತಷ್ಟೂ ಕಿತ್ತಳೆ, ಆಮೇಲೆ ಕಡುಗೆಂಪು. ಒಂದೇ ಕೊಂಬೆಯಲ್ಲಿ ಇಷ್ಟೂ ಬಣ್ಣ! ಪಕ್ಕದಲ್ಲಿ ತಾಮ್ರದ ಬಣ್ಣದ ಅಕಲಿಫಾ. ಬಿಸಿಲು ಎಲೆಯ ಹಿಂದಿನಿಂದ ಬೀಳುವ ಹಾಗೆ ನಿಂತು ನೋಡಬೇಕು, ಅದರ ಚೆಂದವೇ ಬೇರೆ.

ಅಷ್ಟರಲ್ಲಿ ಪಕ್ಕದ ಮನೆ ಆಂಟಿ ಬಂದರು. ಅವರ ಕಣ್ಣು ಪಾಯಿನ್‌ಸೆಟಿಯಾ ಮೇಲೆ ಬಿತ್ತು. "ಅಲ್ಲಮ್ಮಾ, ಇದು ಇಷ್ಟು ಕೆಂಪಗಿದೆ, ನಮ್ಮ ಗೇಟಿನ ಹತ್ತಿರದ್ದು ಬರೀ ಹಸಿರು. ಯಾವ ಗೊಬ್ಬರ ಹಾಕ್ತೀಯ?"

ಗೊಬ್ಬರದ ಮಾತೇ ಅಲ್ಲ ಅದು. ಮೆಕ್ಸಿಕೊ ಕಡೆಯ ಈ ಗಿಡಕ್ಕೆ ಬೇಕಿರುವುದು ಕತ್ತಲು. ರಾತ್ರಿಯ ಕತ್ತಲು ಸುಮಾರು 12 ಗಂಟೆಗಿಂತ ಉದ್ದವಾದರೆ ತುದಿಯ ಎಲೆಗಳು ಕೆಂಪಾಗುತ್ತವೆ. ಡಿಸೆಂಬರಿನಲ್ಲಿ ನಮ್ಮೂರಿನ ರಾತ್ರಿಯ ಉದ್ದ ಹನ್ನೆರಡೂವರೆ ಗಂಟೆಯ ಹತ್ತಿರ. ಅಂದರೆ ಅಂಚಿನಲ್ಲೇ ಇದ್ದೇವೆ, ಸ್ವಲ್ಪ ಬೆಳಕು ಬಿದ್ದರೂ ಲೆಕ್ಕ ತಪ್ಪುತ್ತದೆ. ಆಂಟಿಯ ಗಿಡದ ನೆತ್ತಿ ಮೇಲೆ ಬೀದಿದೀಪ. ಪಾಪ, ಅದಕ್ಕೆ ರಾತ್ರಿಯೇ ಆಗುವುದಿಲ್ಲ. ನಾವು ಹೂವು ಅನ್ನುವ ಆ ಕೆಂಪೆಲ್ಲ ಎಲೆಯೇ ಅಲ್ವಾ, ನಿಜವಾದ ಹೂವು ನಡುವಿನ ಆ ಹಳದಿ ಗುಂಡುಗಳು ಅಂತ ತೋರಿಸಿದೆ. ಬಗ್ಗಿ ತುಂಬಾ ಹೊತ್ತು ನೋಡಿದರು.

ಅಮ್ಮ ಅತ್ತ ಬಣ್ಣದೆಲೆಯ ಕೋಲಿಯಸ್ ಗಿಡದ ಹೂಗೊನೆ ಚಿವುಟುತ್ತಿದ್ದಳು. ಹೂ ಬಿಟ್ಟರೆ ಗಿಡ ಸೊರಗಿ ಉದ್ದಕ್ಕೆ ಹೋಗುತ್ತದೆ, ಎಲೆ ಸಣ್ಣದಾಗುತ್ತದೆ. "ಹೂವನ್ನೇ ಕೀಳ್ತೀರಲ್ರೀ!" ಅಂದರು ಆಂಟಿ. "ನಮಗೆ ಎಲೆ ಬೇಕು ಕಣ್ರೀ" ಅಂದಳು ಅಮ್ಮ. ನನ್ನ ಅಭಿಪ್ರಾಯವೂ ಅದೇ. ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಜನ ಮುಗಿಬೀಳುತ್ತಾರೆ. ಎಲೆ ನೋಡಲಿಕ್ಕೆ ಅದಕ್ಕೂ ಮೊದಲೇ, ಗದ್ದಲವಿಲ್ಲದಾಗ ಹೋಗಬೇಕು.

ಅಮ್ಮ ಕೋಲಿಯಸ್ಸಿನ ನಾಲ್ಕು ಕುಡಿ ಮುರಿದು ಕೊಟ್ಟಳು. ನೀರಿನ ಲೋಟದಲ್ಲಿಟ್ಟರೆ ಸಾಕು, ಬೇರು ಬರುತ್ತದೆ. ಆಂಟಿಯ ಪಾಯಿನ್‌ಸೆಟಿಯಾ ಕುಂಡವನ್ನು ಬೀದಿದೀಪದಿಂದ ದೂರ, ಅವರ ಮನೆಯ ಹಿಂದಕ್ಕೆ ಸಾಗಿಸಲು ಸಂಜೆ ನಾನೂ ಕೈ ಹಾಕಿದೆ.